ಪೈಥಾನ್‌ನಲ್ಲಿ ಸುರಕ್ಷಿತ ಕೋಡ್: ಅಡಿಕೆ ಲೆಕ್ಕದ ಪ್ರೋಗ್ರಾಂ ಇಟ್ಟುಕೊಂಡು ಒಂದಿಷ್ಟು ಟಿಪ್ಪಣಿ

ಶಿವಮೊಗ್ಗದ ನಮ್ಮ ಪೈಥಾನ್ ಓದಿನ ಗುಂಪು ಅಭ್ಯಾಸಕ್ಕೆಂದು ಇಟ್ಟುಕೊಂಡಿರುವುದು ಒಂದು ಸಣ್ಣ ಪ್ರೋಗ್ರಾಂ. ಬೆಳೆಗಾರರ ಹೆಸರು, ಊರು, ಮೊಬೈಲ್ ಸಂಖ್ಯೆ, ತಂದ ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ, ತೂಕ ಎಷ್ಟು, ಕ್ವಿಂಟಲ್‌ಗೆ ಧಾರಣೆ ಎಷ್ಟು ಎಂಬಷ್ಟನ್ನು ಬರೆದಿಡುತ್ತದೆ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ನೆಟ್‌ವರ್ಕ್ ನೆಚ್ಚಿಕೊಂಡು ಕೂರುವಂತಿಲ್ಲ; ಹಾಗಾಗಿ ದತ್ತಾಂಶವೆಲ್ಲ ಆಯಾ ಕಂಪ್ಯೂಟರ್‌ನಲ್ಲೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ಕಡತದಲ್ಲಿದೆ. ಈ ಟಿಪ್ಪಣಿಯಲ್ಲಿರುವುದು ಆ ಪ್ರೋಗ್ರಾಂ ಎಲ್ಲೆಲ್ಲಿ ಮೋಸಹೋಗಬಹುದು ಎಂಬ ವಿಚಾರ. ಪೈಥಾನ್‌ನ ಅಕ್ಷರಾಭ್ಯಾಸ ಮುಗಿಸಿದವರಿಗೆ ಇಷ್ಟೂ ಅರ್ಥವಾಗುತ್ತದೆ.

ಮೊದಲು ಮಲೆನಾಡಿನದೇ ಒಂದು ಹೆಸರು. ಸಾಗರದ ಕಡೆಯ ಮೇರಿ ಡಿ'ಸೋಜಾ ಎಂಬ ಬೆಳೆಗಾರರಿದ್ದಾರೆ ಎಂದುಕೊಳ್ಳಿ. ಅವರ ಹೆಸರನ್ನು ಎಫ್-ಸ್ಟ್ರಿಂಗ್ ಒಳಗೆ ತುರುಕಿ, ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯೂಎಲ್‌ನ ವಾಕ್ಯ ಕಟ್ಟಿದರೆ ಅದು ಹೀಗಾಗುತ್ತದೆ: ಸದಸ್ಯರ ಪಟ್ಟಿಯಲ್ಲಿ ಹೆಸರು = 'ಮೇರಿ ಡಿ'ಸೋಜಾ' ಇರುವ ಸಾಲು ಕೊಡು. ಹೆಸರಿನ ನಡುವಿನ ಒಂಟಿ ಉದ್ಧರಣ ಚಿಹ್ನೆ ಬಂದ ಕೂಡಲೇ ಹೆಸರು ಮುಗಿಯಿತು ಎಂದು ಎಸ್‌ಕ್ಯೂಲೈಟ್ ತಿಳಿಯುತ್ತದೆ. ಆಮೇಲೆ ಉಳಿದ ‘ಸೋಜಾ’ ಅದರ ಕಣ್ಣಿಗೆ ಹೆಸರಿನ ಭಾಗವಲ್ಲ, ಆಜ್ಞೆಯ ಭಾಗ. ಅಂಥ ಆಜ್ಞೆ ಇಲ್ಲವಾದ್ದರಿಂದ ‘ಸೋಜಾ’ ಹತ್ತಿರ ವ್ಯಾಕರಣ ದೋಷವಿದೆ ಎಂದು ದೂರಿ ನಿಂತುಬಿಡುತ್ತದೆ.

ಬಹಳ ಮಂದಿ ಇದನ್ನು ಕಿರಿಕಿರಿ ಎಂದಷ್ಟೇ ಎಣಿಸಿ ಆ ಚಿಹ್ನೆಯನ್ನು ಅಳಿಸಿಹಾಕುವ ಒಂದು ಸಾಲು ಸೇರಿಸುತ್ತಾರೆ. ಹೆಸರೂ ಕೆಡುತ್ತದೆ, ರೋಗವೂ ಉಳಿಯುತ್ತದೆ. ಇಲ್ಲಿ ಕಾಣಬೇಕಾದದ್ದು ಬೇರೆ: ಹೊರಗಿನಿಂದ ಬಂದ ಪಠ್ಯ ನಮ್ಮ ಆಜ್ಞೆಯೊಳಗೆ ಕಾಲಿಟ್ಟಿತು. ಹೆಸರಿನ ಜಾಗದಲ್ಲಿ ಯಾರಾದರೂ ' OR '1'='1 ಎಂದು ಬರೆದರೆ (OR ಎಂದರೆ ‘ಅಥವಾ’) ವಾಕ್ಯ “ಹೆಸರು ಖಾಲಿ ಇರುವ, ಅಥವಾ 1 ಎಂಬುದು 1 ಆಗಿರುವ ಸಾಲು ಕೊಡು” ಎಂದಾಗುತ್ತದೆ. 1 ಎಂದಿಗೂ 1 ಆಗಿರುವುದರಿಂದ ಊರಿನ ಅಷ್ಟೂ ಬೆಳೆಗಾರರ ಲೆಕ್ಕ ಹೊರಬೀಳುತ್ತದೆ. ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್. ಪಟ್ಟಿಯನ್ನೇ ಅಳಿಸುವ ಎರಡನೇ ಆಜ್ಞೆಯನ್ನು ಬಾಲಕ್ಕೆ ಕಟ್ಟುವ ಪ್ರಸಿದ್ಧ ತಂತ್ರ ಪೈಥಾನ್‌ನ ಎಸ್‌ಕ್ಯೂಲೈಟ್‌ನಲ್ಲಿ ನಡೆಯುವುದಿಲ್ಲ, ಏಕೆಂದರೆ ‘ಎಕ್ಸಿಕ್ಯೂಟ್’ ಒಂದು ಸಲಕ್ಕೆ ಒಂದೇ ವಾಕ್ಯ ನಡೆಸುತ್ತದೆ. ಆದರೆ ಅದನ್ನು ನೆಚ್ಚಿ ಹಾಯಾಗಿರುವಂತಿಲ್ಲ. ಕದಿಯಲು ಒಂದೇ ವಾಕ್ಯ ಧಾರಾಳ ಸಾಕು.

ಪರಿಹಾರ ಸುಲಭ. ವಾಕ್ಯದಲ್ಲಿ ಹೆಸರಿನ ಜಾಗಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಡಿ, ಅದರ ಸುತ್ತ ಉದ್ಧರಣ ಚಿಹ್ನೆ ಬೇಡ. ಹೆಸರನ್ನು ‘ಎಕ್ಸಿಕ್ಯೂಟ್’ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ, ಟ್ಯೂಪಲ್‌ನಲ್ಲಿ ಕೊಡಿ. ಆಗ ಆಜ್ಞೆ ಒಂದು ದಾರಿಯಲ್ಲಿ, ಹೆಸರು ಇನ್ನೊಂದು ದಾರಿಯಲ್ಲಿ ಹೋಗುತ್ತವೆ. ಚೀಟಿಯಲ್ಲಿ ಬರೆದದ್ದನ್ನು ಓದುವುದು ಬೇರೆ, ಚೀಟಿ ಹೇಳಿದಂತೆ ಕುಣಿಯುವುದು ಬೇರೆ.

ಇಲ್ಲಿ ಹೊಸಬರನ್ನು ಕಾಡುವ ಒಂದು ಅಲ್ಪವಿರಾಮವಿದೆ. ಒಂದೇ ಮೌಲ್ಯದ ಟ್ಯೂಪಲ್‌ಗೆ ಕೊನೆಯಲ್ಲಿ ಅಲ್ಪವಿರಾಮ ಬೇಕು. ಇಲ್ಲದಿದ್ದರೆ ಅದು ಆವರಣದೊಳಗಿನ ಬರೀ ಸ್ಟ್ರಿಂಗ್. ಊರಿನ ಹೆಸರು ‘ಹೊಸನಗರ’ ಎಂದು ಹಾಗೆ ಕೊಟ್ಟರೆ “ಬೇಕಾದದ್ದು 1, ಕೊಟ್ಟದ್ದು 6” ಎಂಬರ್ಥದ ದೋಷ ಬರುತ್ತದೆ. ಆ 6 ಎಂದರೆ ಯೂನಿಕೋಡ್‌ನಲ್ಲಿ ‘ಹೊಸನಗರ’ದ ಉದ್ದ: ಹ, ಅದರ ಒ ಸ್ವರಚಿಹ್ನೆ, ಸ, ನ, ಗ, ರ. ಈ 6 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶ್ನಾರ್ಥಕ ಚಿಹ್ನೆ ಮೌಲ್ಯಗಳಿಗೆ ಮಾತ್ರ. ಪಟ್ಟಿಯ ಹೆಸರು, ಕಾಲಂ ಹೆಸರಿನ ಜಾಗಕ್ಕೆ ನಡೆಯದು. ಬಳಕೆದಾರರು ಧಾರಣೆಯಂತೆ, ತೂಕದಂತೆ, ದಿನಾಂಕದಂತೆ ಪಟ್ಟಿಯನ್ನು ಜೋಡಿಸಿಕೊಳ್ಳಬೇಕಾದರೆ ಅವರು ಕಳುಹಿಸಿದ ಪದವನ್ನು ವಾಕ್ಯಕ್ಕೆ ಸೇರಿಸಬೇಡಿ. ಆ ಪದವನ್ನು ಕೀಲಿಯಾಗಿಟ್ಟು ನಿಮ್ಮದೇ ಡಿಕ್ಷನರಿಯಿಂದ ಕಾಲಂ ಹೆಸರು ತೆಗೆಯಿರಿ. ಡಿಕ್ಷನರಿಯಲ್ಲಿ ಇಲ್ಲದ್ದು ಒಳಗೆ ಬರುವುದೇ ಇಲ್ಲ.

ಇಷ್ಟು ಹಿಡಿತಕ್ಕೆ ಬಂದರೆ ಉಳಿದ ಕೆಲವು ಅಪಾಯಗಳು ಇದರದೇ ದಾಯಾದಿಗಳು ಎಂದು ತಿಳಿಯುತ್ತದೆ. ‘ಇವಾಲ್’ಗೆ ಬಳಕೆದಾರರ ಪಠ್ಯ ಕೊಟ್ಟರೆ ಅದು ಪೈಥಾನ್ ಆಜ್ಞೆಯಾಗುತ್ತದೆ. ತೂಕವನ್ನು “45.5+12” ಎಂದು ಬರೆಯಲು ಬಿಡುವ ಆಸೆಯಿಂದ ‘ಇವಾಲ್’ ಬಳಸುವವರಿದ್ದಾರೆ, ಆ ಎರಡು ಸಂಖ್ಯೆಗಳನ್ನು ಬೇರ್ಪಡಿಸಿ ಕೂಡಿಸಲು ನಾಲ್ಕು ಸಾಲು ಬರೆದರೆ ಮುಗಿಯಿತು. ಇನ್ನೊಂದು ಪ್ರೋಗ್ರಾಂ ಓಡಿಸುವ ‘ಸಬ್‌ಪ್ರೊಸೆಸ್’ಗೆ ‘ಶೆಲ್=ಟ್ರೂ’ ಕೊಟ್ಟು (ಶೆಲ್ ಎಂದರೆ ಕಂಪ್ಯೂಟರ್‌ಗೆ ಬರೆದ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ), ತೂಕದ ಚೀಟಿಯ ಫೋಟೋ ಕಡತದ ಹೆಸರನ್ನು ಅದರಲ್ಲಿ ಸೇರಿಸಿದರೆ ಹೆಸರಿನಲ್ಲಿರುವ ಅರ್ಧವಿರಾಮದ ಮುಂದಿನದ್ದೆಲ್ಲ ಹೊಸ ಆಜ್ಞೆ. ಆಜ್ಞೆಯನ್ನು ಲಿಸ್ಟ್ ಆಗಿ ಕೊಟ್ಟರೆ ಶೆಲ್ ನಡುವೆ ಬರುವುದಿಲ್ಲ. ಆದರೂ ಅಡ್ಡಗೆರೆಯಿಂದ ಶುರುವಾಗುವ ಕಡತದ ಹೆಸರನ್ನು ಆ ಇನ್ನೊಂದು ಪ್ರೋಗ್ರಾಂ ತನ್ನ ಆಯ್ಕೆ ಎಂದು ತಿಳಿಯಬಹುದು, ಅದರ ಮೇಲೂ ಕಣ್ಣಿರಲಿ.

ಪೈಥಾನ್ ವಸ್ತುಗಳನ್ನು ಕಡತವಾಗಿ ಉಳಿಸುವ ‘ಪಿಕಲ್’ ಮಾತ್ರ ನೋಡಲು ಸಾಧು. ಹಿಂದಿನ ವರ್ಷದ ಲೆಕ್ಕವನ್ನು ಪಿಕಲ್ ಕಡತವಾಗಿ ಉಳಿಸಿ, ಇನ್ನೊಂದು ಶಾಖೆಯವರು ಕಳುಹಿಸಿದ ಪಿಕಲ್ ಕಡತವನ್ನು ತೆರೆಯುವುದು ದತ್ತಾಂಶ ಓದಿದಂತೆಯೇ ಕಾಣುತ್ತದೆ. ವಾಸ್ತವದಲ್ಲಿ ಪಿಕಲ್ ಕಡತ ಎಂಬುದು ವಸ್ತುಗಳನ್ನು ಮತ್ತೆ ಕಟ್ಟುವ ಆಜ್ಞೆಗಳ ಸರಣಿ. ತೆರೆಯುವಾಗ ಯಾವ ಫಂಕ್ಷನ್ ಕರೆಯಬೇಕೆಂದು ಕಡತವೇ ಹೇಳಬಲ್ಲದು, ಪೈಥಾನ್ ಕರೆಯುತ್ತದೆ. ನಂಬಿಕೆಯಿಲ್ಲದ ಕಡತವನ್ನು ಪಿಕಲ್‌ನಿಂದ ತೆರೆಯಬೇಡಿ ಎಂದು ಪೈಥಾನ್‌ನ ಅಧಿಕೃತ ದಾಖಲೆಯೇ ಎಚ್ಚರಿಸುತ್ತದೆ. ಹೆಸರು, ತೂಕ, ಧಾರಣೆಗೆ ಬರೀ ದತ್ತಾಂಶವನ್ನಷ್ಟೇ ಇಡುವ ಜೇಸನ್ ಕಡತ ಸಾಕು.

ಈಗ ಇಂಗ್ಲಿಷ್ ಪಾಠಗಳು ಸಾಮಾನ್ಯವಾಗಿ ಮುಟ್ಟದ, ನಮಗೆ ಮಾತ್ರ ತೀರ ಹತ್ತಿರದ ವಿಷಯ. ಪೈಥಾನ್‌ಗೆ ಕನ್ನಡ ಅಂಕಿ ಬರುತ್ತದೆ. ‘ಇಂಟ್’ಗೆ “೪೫೦” ಕೊಟ್ಟರೆ 450 ಸಿಗುತ್ತದೆ, ‘ಈಸ್‌ಡಿಜಿಟ್’ ಕನ್ನಡ ಅಂಕಿಗೂ ಹೌದು ಎನ್ನುತ್ತದೆ. ನೋಡಿ ಖುಷಿಯಾಗುತ್ತದೆ, ನಿಜ. ಆದರೆ ಒಂದು ಲೆಕ್ಕ ಹಾಕಿ. ಮೊಬೈಲ್ ಸಂಖ್ಯೆಯ 10 ಅಂಕಿಗಳಲ್ಲಿ ಪ್ರತಿಯೊಂದನ್ನೂ 9 ಎಂದೋ ೯ ಎಂದೋ ಎರಡು ಬಗೆಯಲ್ಲಿ ಬರೆಯಬಹುದು. ಎಂದರೆ ಒಂದೇ ಸಂಖ್ಯೆಗೆ 1,024 ರೂಪ. ಎಲ್ಲವೂ ‘ಈಸ್‌ಡಿಜಿಟ್’ ಪರೀಕ್ಷೆಯಲ್ಲಿ ಪಾಸು, ಎಲ್ಲದರ ಉದ್ದವೂ 10. ಐದು ಸಲ ಒಟಿಪಿ ತಪ್ಪಾದರೆ ಆ ಸಂಖ್ಯೆಯನ್ನು ತಡೆಹಿಡಿ ಎಂಬ ನಿಯಮವನ್ನು ಬಂದ ಪಠ್ಯದ ಮೇಲೆ ಎಣಿಸಿ, ಸದಸ್ಯರನ್ನು ಹುಡುಕುವಾಗ ‘ಇಂಟ್’ ಮಾಡಿದರೆ, ಐದು ಸಲದ ಮಿತಿ 5,120 ಸಲ ಆಗುತ್ತದೆ. ದೇವನಾಗರಿ, ತಮಿಳು ಅಂಕಿಗಳೂ ನಡೆಯುವುದರಿಂದ ಅದೂ ಕೊನೆಯಲ್ಲ.

ಕನ್ನಡ ಅಂಕಿಯನ್ನು ನಿಷೇಧಿಸಿ ಎಂಬ ಸಲಹೆ ನನಗೆ ಸರಿಕಾಣುವುದಿಲ್ಲ. ನಮ್ಮ ಬಳಕೆದಾರರು ಬರೆಯುವುದೇ ಹಾಗಿದ್ದರೆ ಪ್ರೋಗ್ರಾಂ ಒಪ್ಪಿಕೊಳ್ಳಬೇಕು. ಒಳಗೆ ಬಂದ ಕೂಡಲೇ, ಬೇರೆ ಯಾವ ಪರೀಕ್ಷೆಗೂ ಮೊದಲು, ಒಂದೊಂದೇ ಅಂಕಿಯನ್ನು ‘ಇಂಟ್’ ಮಾಡಿ ಮತ್ತೆ ಸ್ಟ್ರಿಂಗ್ ಆಗಿ ಜೋಡಿಸಿದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತದೆ. ಇಡೀ ಸಂಖ್ಯೆಯನ್ನು ಒಟ್ಟಿಗೆ ‘ಇಂಟ್’ ಮಾಡಿದರೆ 0045ರಂಥ ಸದಸ್ಯ ಸಂಖ್ಯೆಯ ಮುಂದಿನ ಸೊನ್ನೆಗಳು ಮಾಯವಾಗುತ್ತವೆ. ಎಲ್ಲವೂ ಅಂಕಿಯೇ ಎಂಬ ಪರೀಕ್ಷೆಯೊಂದು ಮಾತ್ರ ಇದಕ್ಕೂ ಮೊದಲು; ಅದಕ್ಕೆ ‘ಈಸ್‌ಡಿಜಿಟ್’ ಬದಲು ‘ಈಸ್‌ಡೆಸಿಮಲ್’ ಬಳಸಿ. ವರ್ಗದ ಗುರುತಾದ ² ಕೂಡ ‘ಈಸ್‌ಡಿಜಿಟ್’ ದಾಟುತ್ತದೆ, ಆಮೇಲೆ ‘ಇಂಟ್’ನಲ್ಲಿ ಎಡವುತ್ತದೆ.

ಹೊಸನಗರದ 6 ಇಲ್ಲಿಗೆ ಬಂತು. ಒ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು; ಎ ಚಿಹ್ನೆ, ಊ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಎರಡನೆಯ ರೀತಿಯಲ್ಲಿ ‘ಹೊಸನಗರ’ದ ಉದ್ದ 7. ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸ ಕಾಣದು, ಪೈಥಾನ್‌ಗೆ ಮಾತ್ರ ಅವು ಬೇರೆ ಬೇರೆ ಸ್ಟ್ರಿಂಗ್. ಒಂದೇ ಹೆಸರಿನಲ್ಲಿ ಎರಡು ಖಾತೆ ತೆರೆಯಲು ಇಷ್ಟೇ ಸಾಕು. ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನ ‘ನಾರ್ಮಲೈಸ್’ಗೆ ಎನ್‌ಎಫ್‌ಸಿ (ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ) ರೂಪ ಹೇಳಿ ಹೆಸರನ್ನು ಉಳಿಸುವ ಮೊದಲು ಒಂದು ಸಲ, ಹುಡುಕುವ ಮೊದಲು ಒಂದು ಸಲ ಹಾಯಿಸಿ. ಆದರೆ ಇದು ಅಂಕಿಗಳನ್ನು ಬದಲಿಸುವುದಿಲ್ಲ. ಅವುಗಳ ಕೆಲಸ ಮೇಲೆ ಹೇಳಿದಂತೆ ಬೇರೆಯೇ.

ಒಟಿಪಿ ಮಾತು ಬಂದದ್ದರಿಂದ: ಅದಕ್ಕೆ ‘ರ‍್ಯಾಂಡಮ್’ ಮಾಡ್ಯೂಲ್ ಬೇಡ. ಅದರ ಒಳಗಿರುವ, ಸಂಖ್ಯೆ ಹುಟ್ಟಿಸುವ ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನದ 32 ಬಿಟ್‌ನ 624 ಸಂಖ್ಯೆಗಳು ಸಾಲಾಗಿ ಸಿಕ್ಕರೆ ಮುಂದಿನದನ್ನು ಲೆಕ್ಕ ಹಾಕಿ ಹೇಳಬಹುದು. ಪೈಥಾನ್ 3.6ರಿಂದ ‘ಸೀಕ್ರೆಟ್ಸ್’ ಮಾಡ್ಯೂಲ್ ಇರುವುದೇ ಇಂಥ ಕೆಲಸಕ್ಕೆ. ಪಾಸ್‌ವರ್ಡನ್ನು ಗುರುತು ಸಿಗದಂತೆ ಹ್ಯಾಶ್ ಮಾಡಿ ಉಳಿಸಲು ಎಂಡಿ5 ಎಂಬ ಹಳೆಯ ವಿಧಾನ ಬೇಡ. ‘ಹ್ಯಾಶ್‌ಲಿಬ್’ನಲ್ಲೇ ಪಾಸ್‌ವರ್ಡ್‌ಗೆ ತಕ್ಕ ಎಸ್‌ಕ್ರಿಪ್ಟ್ ಇದೆ. “ಇವರು ಕಾರ್ಯದರ್ಶಿಯೇ?” ಎಂಬಂಥ ಅಧಿಕಾರದ ತಪಾಸಣೆಯನ್ನು ‘ಅಸರ್ಟ್’ನಲ್ಲಿ ಬರೆಯಬೇಡಿ. ಪೈಥಾನನ್ನು ದೊಡ್ಡಕ್ಷರದ ಓ (-O) ಆಯ್ಕೆಯೊಂದಿಗೆ ಓಡಿಸಿದರೆ ‘ಅಸರ್ಟ್’ ಸಾಲುಗಳೆಲ್ಲ ಬಿದ್ದುಹೋಗುತ್ತವೆ.

ಕೊನೆಯದಾಗಿ ತೂಕದ ಚೀಟಿಯ ಫೋಟೋ. ಬಳಕೆದಾರರು ಕಳುಹಿಸಿದ ಕಡತದ ಹೆಸರನ್ನು ‘ಓಎಸ್.ಪಾತ್.ಜಾಯಿನ್’ನಿಂದ ನಮ್ಮ ‘ಚೀಟಿಗಳು’ ಫೋಲ್ಡರ್‌ಗೆ ಜೋಡಿಸುತ್ತೇವೆ. ಆ ಹೆಸರು ಓರೆಗೆರೆಯಿಂದ ಶುರುವಾದರೆ, ಲಿನಕ್ಸ್‌ನಲ್ಲಿ ‘ಜಾಯಿನ್’ ನಮ್ಮ ಫೋಲ್ಡರನ್ನೇ ಕೈಬಿಟ್ಟು ಎರಡನೆಯದನ್ನಷ್ಟೇ ಮರಳಿಸುತ್ತದೆ. ಎರಡೆರಡು ಚುಕ್ಕಿ ಇಟ್ಟು ಮೇಲಿನ ಫೋಲ್ಡರ್‌ಗೆ ಹತ್ತುವುದು ಇನ್ನೊಂದು ದಾರಿ. ನನ್ನ ಆಯ್ಕೆ: ಅವರ ಹೆಸರನ್ನು ಬಳಸಲೇಬೇಡಿ, ‘ಸೀಕ್ರೆಟ್ಸ್’ನಿಂದ ಹೊಸ ಹೆಸರು ಹುಟ್ಟಿಸಿ, ಅವರದನ್ನು ಪಟ್ಟಿಯಲ್ಲಿ ಬರೀ ಪಠ್ಯವಾಗಿ ಇಟ್ಟುಕೊಳ್ಳಿ.

ಮುಂದಿನ ಭೇಟಿಗೆ ಮೊದಲು ನಿಮ್ಮ ನಿಮ್ಮ ಪ್ರತಿಯ ಮೇಲೆ ‘ಬ್ಯಾಂಡಿಟ್’ ಎಂಬ ಉಚಿತ ಉಪಕರಣವನ್ನು ಓಡಿಸಿ ಬನ್ನಿ. ಸ್ಟ್ರಿಂಗ್‌ನಿಂದ ಕಟ್ಟಿದ ಎಸ್‌ಕ್ಯೂಎಲ್, ‘ಶೆಲ್=ಟ್ರೂ’, ಪಿಕಲ್, ‘ರ‍್ಯಾಂಡಮ್’, ‘ಅಸರ್ಟ್’ ಇವನ್ನು ಅದು ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ. ಕನ್ನಡ ಅಂಕಿಯ ವಿಷಯವನ್ನೂ 7 ಸಂಕೇತಗಳ ಹೊಸನಗರವನ್ನೂ ಅದು ಹಿಡಿಯುವುದಿಲ್ಲ. ಅವಕ್ಕೆ ನಾವೇ ಪರೀಕ್ಷೆಗಳನ್ನು ಬರೆಯಬೇಕು.