ಗಂಡು ಪತಂಗದ ಮಿದುಳು ಹೆಣ್ಣಿನದಕ್ಕಿಂತ ಬೇರೆಯೇ?

ಓದುಗರ ಪ್ರಶ್ನೆ: ಗಂಡು ಪತಂಗವು ದೂರದಲ್ಲಿರುವ ಹೆಣ್ಣನ್ನು ಕತ್ತಲೆಯಲ್ಲಿಯೂ ವಾಸನೆಯಿಂದಲೇ ಪತ್ತೆ ಹಚ್ಚುತ್ತದೆ ಎಂದು ಓದಿದ್ದೇನೆ. ಹಾಗಾದರೆ ಗಂಡಿನ ಮಿದುಳಿನ ರಚನೆಯೇ ಬೇರೆಯೇ? ಚಿಟ್ಟೆಗಳಲ್ಲಿಯೂ ಹೀಗೆಯೇ?

ಉತ್ತರ: ಬೇರೆ ಹೌದು, ಆದರೆ ಇಡೀ ಮಿದುಳಲ್ಲ. ವಾಸನೆಯ ಸಂಕೇತಗಳು ಮೊದಲು ಬಂದು ತಲುಪುವ ಒಂದು ಜೋಡಿ ಹಾಲೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕುಡಿಮೀಸೆಯ ಸೂಕ್ಷ್ಮ ರೋಮಗಳೊಳಗಿನ ನರಕೋಶಗಳು ತಮ್ಮ ತಂತುಗಳನ್ನು ಇಲ್ಲಿಗೆ ಚಾಚಿರುತ್ತವೆ. ಪ್ರತಿ ಹಾಲೆಯಲ್ಲಿಯೂ ಗ್ಲೊಮೆರುಲಸ್ ಎಂಬ ಸುಮಾರು 60ರಿಂದ 70 ಪುಟ್ಟ ಉಂಡೆಗಳಿದ್ದು, ಒಂದೇ ಬಗೆಯ ಗ್ರಾಹಕವುಳ್ಳ (ಗ್ರಾಹಕ ಎಂದರೆ ವಾಸನೆಯ ಅಣುವನ್ನು ಹಿಡಿಯುವ ಪ್ರೋಟೀನ್) ಕೋಶಗಳು ಕುಡಿಮೀಸೆಯ ಯಾವ ಭಾಗದಲ್ಲಿದ್ದರೂ ಅವುಗಳ ತಂತುಗಳು ಸಾಮಾನ್ಯವಾಗಿ ಒಂದೇ ಉಂಡೆಗೆ ಬಂದು ಸೇರುತ್ತವೆ.

ಗಂಡು ಪತಂಗದಲ್ಲಿ, ಕುಡಿಮೀಸೆಯ ನರವು ಹಾಲೆಯನ್ನು ಪ್ರವೇಶಿಸುವ ಜಾಗದಲ್ಲಿಯೇ, ಉಳಿದವಕ್ಕಿಂತ ಬಹಳ ದೊಡ್ಡದಾದ ಕೆಲವು ಗ್ಲೊಮೆರುಲಸ್‌ಗಳ ಗುಚ್ಛವಿರುತ್ತದೆ. ಗಂಡನ್ನು ಸೆಳೆಯಲು ಹೆಣ್ಣು ಸೂಸುವ ಫೆರೊಮೋನ್ ಎಂಬ ವಾಸನೆಯ ರಾಸಾಯನಿಕಕ್ಕೆಂದೇ ಮೀಸಲಾದ ಭಾಗ ಇದು. ಜರ್ಮನ್ ರಸಾಯನ ವಿಜ್ಞಾನಿ ಅಡಾಲ್ಫ್ ಬ್ಯೂಟೆನಾಂಟ್ ಅವರ ತಂಡವು ಸುಮಾರು 5 ಲಕ್ಷ ರೇಷ್ಮೆ ಪತಂಗಗಳಿಂದ ಬೇರ್ಪಡಿಸಿ 1959ರಲ್ಲಿ ಗುರುತಿಸಿದ ಬಾಂಬಿಕಾಲ್ ಇಂತಹ ಮೊದಲ ರಾಸಾಯನಿಕ. (ಆಡುಮಾತಿನಲ್ಲಿ ರೇಷ್ಮೆ ಚಿಟ್ಟೆ ಎಂದರೂ ಅದು ಪತಂಗವೇ.) ಗಂಡಿನ ಕುಡಿಮೀಸೆಯಲ್ಲಿ ಇದನ್ನು ಗ್ರಹಿಸುವ ರೋಮಗಳೇ ಸುಮಾರು 17,000 ಇರುತ್ತವೆ, ಅಷ್ಟು ತಂತುಗಳು ಬಂದು ಸೇರುವ ಉಂಡೆ ಹಿಗ್ಗುವುದು ಸಹಜ. ಸೋಜಿಗವೆಂದರೆ, ಬಾಂಬಿಕಾಲನ್ನು ಸೂಸುವ ಹೆಣ್ಣಿಗೆ ಅದರ ವಾಸನೆ ತಿಳಿಯುವುದೇ ಇಲ್ಲ.

ಹಾಗೆಂದು ಹೆಣ್ಣಿನಲ್ಲಿ ಏನೋ ಕೊರತೆಯಿದೆ ಎಂದು ಭಾವಿಸುವುದು ತಪ್ಪು. ತಂಬಾಕು, ಟೊಮೆಟೊ ಗಿಡಗಳ ಮೇಲೆ ಮೊಟ್ಟೆಯಿಡುವ ಮಾಂಡುಕಾ ಸೆಕ್ಸ್ಟಾ ಎಂಬ ಪತಂಗದಲ್ಲಿ, ಗಂಡಿಗೆ ಆ ಗುಚ್ಛವಿರುವ ಜಾಗದಲ್ಲಿಯೇ ಹೆಣ್ಣಿಗೆ ಎರಡು ದೊಡ್ಡ ಗ್ಲೊಮೆರುಲಸ್‌ಗಳಿವೆ. ಅವುಗಳಲ್ಲೊಂದು ಸಸ್ಯಗಳು ಹೊರಸೂಸುವ ಲಿನಲೂಲ್ ಎಂಬ ರಾಸಾಯನಿಕಕ್ಕೆ ಸ್ಪಂದಿಸುತ್ತದೆ. ಗಂಡಿಗೆ ಹೆಣ್ಣಿನ ಹುಡುಕಾಟವಾದರೆ, ಹೆಣ್ಣಿಗೆ ಮೊಟ್ಟೆಯಿಡಲು ತಕ್ಕ ಗಿಡದ ಹುಡುಕಾಟ.

ಚಿಟ್ಟೆಗಳ ವಿಷಯವನ್ನು ಚುಟುಕಾಗಿ ಹೇಳಬಹುದು: ಬಹುಪಾಲು ಚಿಟ್ಟೆಗಳಲ್ಲಿ ಇಂತಹ ಗುಚ್ಛವಿಲ್ಲ. ಹಗಲಿನಲ್ಲಿ ಹಾರುವ ಅವು ಸಂಗಾತಿಯನ್ನು ಮೊದಲು ಕಣ್ಣಿನಿಂದ ಹುಡುಕುತ್ತವೆ. ವಾಸನೆಯ ಪಾತ್ರವಿರುವುದು ಹೆಚ್ಚಾಗಿ ಹತ್ತಿರ ಬಂದ ಮೇಲೆ, ಅದನ್ನು ಸೂಸುವುದೂ ಅನೇಕ ವೇಳೆ ಗಂಡೇ.

ನಿಮ್ಮ ಪ್ರಶ್ನೆಯ ನಿಜವಾದ ಸ್ವಾರಸ್ಯ ಇರುವುದು, ಈ ವ್ಯತ್ಯಾಸವನ್ನು ಉಂಟುಮಾಡುವುದು ಯಾವುದು ಎಂಬಲ್ಲಿ. ಮಿದುಳು ತಾನಾಗಿ ಗಂಡು ಅಥವಾ ಹೆಣ್ಣಿನ ರೂಪ ತಾಳುತ್ತದೆ ಎಂದು ನಾವು ಊಹಿಸುತ್ತೇವೆ, ಆದರೆ ಇಲ್ಲಿ ಅದನ್ನು ನಿರ್ಧರಿಸುವುದು ಕುಡಿಮೀಸೆ. 1980ರ ದಶಕದಲ್ಲಿ ನರವಿಜ್ಞಾನಿ ಜಾನ್ ಹಿಲ್ಡೆಬ್ರಾಂಡ್ ಮತ್ತು ಸಂಗಡಿಗರು ಮಾಂಡುಕಾದ ಗಂಡು ಹುಳುವಿನಲ್ಲಿ ಮುಂದೆ ಕುಡಿಮೀಸೆಯಾಗಿ ಬೆಳೆಯಲಿದ್ದ ಅಂಗಾಂಶವನ್ನು ತೆಗೆದು ಹೆಣ್ಣು ಹುಳುವಿಗೆ ಕಸಿಮಾಡಿದಾಗ, ಆ ಹೆಣ್ಣಿನ ಮಿದುಳಿನಲ್ಲಿ ಗಂಡಿನ ಗುಚ್ಛ ಮೂಡಿತು. ಹಾಗೆ ಬೆಳೆದ ಹೆಣ್ಣುಗಳು ಗಂಡಿನಂತೆ ಫೆರೊಮೋನ್‌ನ ಜಾಡು ಹಿಡಿದು ಹಾರಿದವು. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನೇ ತಿರುವುಮುರುವು ಮಾಡಿ, ಗಂಡಿಗೆ ಹೆಣ್ಣಿನ ಕುಡಿಮೀಸೆಯನ್ನು ಬೆಳೆಸಿ ಗಾಳಿ ಸುರಂಗದೊಳಗೆ ಬಿಡಲಾಯಿತು. ಇಡಲು ಮೊಟ್ಟೆಯೇ ಇಲ್ಲದ ಆ ಗಂಡುಗಳು ಹೆಣ್ಣುಗಳಷ್ಟೇ ಬಾರಿ ಟೊಮೆಟೊ ಗಿಡದ ಮೇಲೆ ಹೋಗಿ ಇಳಿದವು.