ರೋಮ್ ಸೈನಿಕನ ಬೆಲ್ಟ್: ತೊಗಲು ಹೋಗಿ ತಗಡು ಉಳಿದಾಗ

ಯುದ್ಧವಿಲ್ಲದ ದಿನ ರೋಮ್ ಸೈನಿಕ ಕವಚ ತೆಗೆದಿಡುತ್ತಿದ್ದ. ಬೆಲ್ಟ್ ಮಾತ್ರ ಸೊಂಟದಲ್ಲೇ ಇರುತ್ತಿತ್ತು. ಬರೀ ಅಂಗಿಯಲ್ಲಿದ್ದರೂ ಇವನು ಸೈನಿಕ ಅಂತ ಊರಿಗೆ ಗೊತ್ತಾಗುತ್ತಿದ್ದದ್ದು ಅದರಿಂದಲೇ. ತಪ್ಪು ಮಾಡಿದವರನ್ನು ಆಗಸ್ಟಸ್ ಚಕ್ರವರ್ತಿ ಕೆಲವೊಮ್ಮೆ ಬೆಲ್ಟ್ ಬಿಚ್ಚಿಸಿ, ದಿನವಿಡೀ ಸೇನಾಪತಿಯ ಡೇರೆ ಮುಂದೆ ನಿಲ್ಲಿಸುತ್ತಿದ್ದನಂತೆ. ರೋಮಿನ ಚರಿತ್ರೆಕಾರ ಸ್ವೆಟೋನಿಯಸ್ ಹಾಗೆ ಬರೆದಿದ್ದಾನೆ.

ಇಷ್ಟು ಮಾನದ ವಸ್ತು ಪೂರ್ತಿಯಾಗಿ ಸಿಗುವುದು ತೀರಾ ಅಪರೂಪ. ತೊಗಲು ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಉಳಿಯುವುದು ಬಕಲ್, ಗುಂಡಿ, ಅಂಗೈಯಲ್ಲಿ ಹಿಡಿಸುವ ತಗಡುಗಳು. ಇವನ್ನು ಯಾವ ಸಾಲಿನಲ್ಲಿ ಜೋಡಿಸೋದು?

ಮೊದಲ ಉತ್ತರ ಸಿಕ್ಕಿದ್ದು ಗೋರಿಕಲ್ಲುಗಳಲ್ಲಿ. ಜರ್ಮನಿಯ ಬಿಂಗೆನ್ ಹತ್ತಿರ ಸಿಕ್ಕ ಅನ್ನಾಯಸ್ ದಾವೆರ್ಜಸ್ ಎಂಬ ಸೈನಿಕನ ಕಲ್ಲು ನೋಡಿ. ಒಂದರ ಮೇಲೊಂದು ಅಡ್ಡಹಾಯ್ದ ಎರಡು ಬೆಲ್ಟು, ಒಂದಕ್ಕೆ ಕತ್ತಿ, ಇನ್ನೊಂದಕ್ಕೆ ಬಾಕು. ಮುಂದೆ ಗುಂಡಿ ಹೊಡೆದ ಪಟ್ಟಿಗಳು ಇಳಿಬಿದ್ದಿವೆ. ಆದರೆ ಕಲ್ಲು ತೋರಿಸುವುದು ಮುಂಭಾಗ ಮಾತ್ರ, ಬೆನ್ನ ಕಡೆ ಏನಿತ್ತು ಅಂತ ಹೇಳುವುದಿಲ್ಲ.

ಉಳಿದದ್ದನ್ನು ತಗಡೇ ಹೇಳಬೇಕು. ಅದನ್ನು ತಿರುಗಿಸಿ ನೋಡಿದರೆ ಹಿಂದೆ ಪುಟ್ಟ ರಿವಿಟ್‌ಗಳು, ಅಂದರೆ ತಗಡನ್ನು ತೊಗಲಿಗೆ ಬಿಗಿದ ಮೊಳೆಗಳು. ರಿವಿಟ್‌ನ ತುದಿಗೂ ತಗಡಿಗೂ ನಡುವೆ ಎಷ್ಟು ಸಂದಿ ಇದೆಯೋ, ಕೊಳೆತುಹೋದ ತೊಗಲು ಸುಮಾರು ಅಷ್ಟು ದಪ್ಪ! ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾಗುವುದು ಇದೇ. ಇಲ್ಲದ ವಸ್ತುವನ್ನು ಅದು ಬಿಟ್ಟುಹೋದ ಜಾಗದಿಂದ ಅಳೆಯುತ್ತಾರೆ. ಎಷ್ಟೋ ತಗಡುಗಳ ಮೇಲೆ ಕಲಾಯಿ ಇದೆ, ನಮ್ಮ ಹಿತ್ತಾಳೆ ಪಾತ್ರೆಗೆ ಹಾಕಿಸುತ್ತಿದ್ದ ಹಾಗೇ. ಹೊಸದರಲ್ಲಿ ಅವು ಬೆಳ್ಳಿಯಂತೆ ಹೊಳೆಯುತ್ತಿದ್ದವು.

1972ರಲ್ಲಿ ಇಂಗ್ಲೆಂಡಿನಲ್ಲಿ ಎರ್ಮಿನ್ ಸ್ಟ್ರೀಟ್ ಗಾರ್ಡ್ ಎಂಬ ಹವ್ಯಾಸಿಗಳ ತಂಡ ಹುಟ್ಟಿತು. ಇಂಥವರು ಬೆಲ್ಟ್ ಮಾಡಿ, ಕಟ್ಟಿಕೊಂಡು ನಡೆದು ನೋಡಿದರು. ಮುಂದೆ ಇಳಿಬಿದ್ದ ಪಟ್ಟಿಗಳು ಹೊಟ್ಟೆಯ ಕೆಳಭಾಗಕ್ಕೆ ರಕ್ಷಣೆ ಅಂತ ಹಿಂದೆ ನಂಬಿದ್ದರು. ಓಡುವಾಗ ಅವು ಸುಮ್ನೆ ಎಗರಾಡುತ್ತವೆ, ಝಣಝಣ ಅನ್ನುತ್ತವೆ. ರಕ್ಷಣೆಗಿಂತ ಗತ್ತೇ ಜಾಸ್ತಿ ಅನಿಸುತ್ತದೆ.

ಆದರೂ ಗಟ್ಟಿ ಪುರಾವೆ ಅಂದರೆ ತೊಟ್ಟವನ ಜೊತೆಗೇ ಸಿಕ್ಕ ಬೆಲ್ಟ್. ನೆದರ್ಲೆಂಡ್ಸಿನ ವೆಲ್ಸೆನ್ ಕೋಟೆಯ ಬಾವಿಯೊಳಗೆ ಒಬ್ಬ ಸೈನಿಕನ ಅಸ್ಥಿಪಂಜರ, ಬೆಲ್ಟಿನ ತಗಡು ಮತ್ತು ಬಾಕಿನೊಂದಿಗೆ ಸಿಕ್ಕಿತು. 1982ರಲ್ಲಿ ಇಟಲಿಯ ಹರ್ಕ್ಯುಲೇನಿಯಂ ಕಡಲತೀರದಲ್ಲಿ, ವೆಸೂವಿಯಸ್ ಜ್ವಾಲಾಮುಖಿ ಬಲಿ ತೆಗೆದುಕೊಂಡ ಇನ್ನೊಬ್ಬ, ಕತ್ತಿ ಬೆಲ್ಟಿನ ಸಮೇತ ಸಿಕ್ಕ. ಮೆಟಲ್ ಡಿಟೆಕ್ಟರ್ ಹಿಡಿದು ಒಂದೊಂದೇ ತಗಡು ಕಿತ್ತು ಮಾರುವವರು ಹಾಳು ಮಾಡುವುದು ಈ ಜೊತೆಯನ್ನೇ. ಅದು ಹೊಟ್ಟೆ ಉರಿಸುವ ನಷ್ಟ.

ಯಾಕೆ ಅಂತೀರಾ? ಫ್ರಾನ್ಸಿನ ಲಿಯಾನ್‌ನಲ್ಲಿ 1950ರಲ್ಲಿ ಒಬ್ಬ ಸೈನಿಕನ ಅವಶೇಷ ಸಿಕ್ಕಿತು. ಬಹುಶಃ ಕ್ರಿ.ಶ. 197ರ ಅಂತರ್ಯುದ್ಧದಲ್ಲಿ ಸತ್ತವನು. ಅವನ ಬೆಲ್ಟಿನ ಲೋಹದ ತುಂಡುಗಳು ಅಕ್ಷರದ ಆಕಾರದವು. ಸೇರಿಸಿ ಓದಿದರೆ 'ಉತೆರೆ ಫೆಲಿಕ್ಸ್', ಅಂದರೆ 'ಇದನ್ನು ತೊಟ್ಟು ಸುಖವಾಗಿರು'. ಅಕ್ಷರಗಳೇ ಸಾಲು ಹೇಳಿಕೊಟ್ಟವು. ರೋಮಿನ ಗಡಿಕೋಟೆಗಳಲ್ಲಿ ಇಂಥ ಅಕ್ಷರಗಳು ಬಿಡಿಬಿಡಿಯಾಗಿಯೂ ಸಿಗುತ್ತವೆ. ಲ್ಯಾಟಿನ್‌ನಲ್ಲಿ ಆ ಮಾತು ಬರೆದರೆ (UTERE FELIX) 'E' ಅಕ್ಷರ ಮೂರು ಸಲ ಬರುತ್ತದೆ. ಎಲ್ಲಿಂದಲೋ ಕಿತ್ತು ತಂದ ಒಂಟಿ 'E' ಆ ಮೂರರಲ್ಲಿ ಯಾವುದು ಅಂತ ಯಾರು ಹೇಳುತ್ತಾರೆ?