ಮೆಡಿಕಲ್ ಕೋಡಿಂಗಿನಲ್ಲಿ 'ವಿತ್' (ಜೊತೆಗೆ) ರೂಲ್: ಡಾಕ್ಟರು ಹೇಳದಿದ್ದರೂ ಎರಡು ಕಾಯಿಲೆ ಜೋಡಿಸಬಹುದಾ?

ಮೈಸೂರಿನ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು. ಐಸಿಡಿ-10-ಸಿಎಂ (ಕಾಯಿಲೆಗಳಿಗೆ ಕೋಡ್ ಕೊಡುವ ಅಮೆರಿಕದ ಪದ್ಧತಿ) ಓದುತ್ತಿರುವವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುತ್ತದೆ.

ಮೊದಲ ಪಾಠ ಎಲ್ಲರಿಗೂ ಗೊತ್ತು, ಕೋಡರ್, ಅಂದರೆ ಚಾರ್ಟ್ ಓದಿ ಕೋಡ್ ಹಾಕುವವರು, ರೋಗ ಪತ್ತೆ ಮಾಡುವ ಹಾಗಿಲ್ಲ. ಲ್ಯಾಬ್ ರಿಪೋರ್ಟಿನಲ್ಲಿ ಸೋಡಿಯಂ 124 ಇರಲಿ, ಡಾಕ್ಟರು ಹೈಪೋನೇಟ್ರೀಮಿಯಾ (ಸೋಡಿಯಂ ಕಡಿಮೆ) ಅಂತ ಬರೆಯದೆ ಇ87.1 ಹಾಕುವಂತಿಲ್ಲ. ಸರಿ. ಹಾಗಾದರೆ ಚಾರ್ಟಿನಲ್ಲಿ 'ಟೈಪ್ 2 ಡಯಾಬಿಟಿಸ್' ಒಂದು ಸಾಲು, 'ಸಿಕೆಡಿ ಸ್ಟೇಜ್ 4' (ದೀರ್ಘಕಾಲದ ಕಿಡ್ನಿ ಕಾಯಿಲೆ) ಇನ್ನೊಂದು ಸಾಲು ಇದ್ದಾಗ, ಸಕ್ಕರೆ ಕಾಯಿಲೆಯಿಂದಲೇ ಕಿಡ್ನಿ ಹೋಯ್ತು ಅಂತ ನಾವ್ಯಾಕೆ ಇ11.22 ಹಾಕಬೇಕು? ಇದು ಊಹೆ ಅಲ್ವಾ?

ಅಲ್ಲ. ಎರಡೂ ಕಾಯಿಲೆಯನ್ನು ಡಾಕ್ಟರೇ ಬರೆದಿದ್ದಾರೆ. ನಡುವಿನ ಸಂಬಂಧವನ್ನು ಮಾತ್ರ ಕೋಡ್ ಪುಸ್ತಕ ಕೊಡುತ್ತದೆ, ನಾವಲ್ಲ. ಇಂಡೆಕ್ಸಿನಲ್ಲಿ ಡಯಾಬಿಟಿಸ್ ಕೆಳಗೆ 'ವಿತ್' ಅಂತ ಇದೆ ನೋಡಿ, ಅದು ಅಕ್ಷರಮಾಲೆಯ ಸಾಲಿನಲ್ಲಿ ಸಿಗುವುದಿಲ್ಲ, ಮುಖ್ಯ ಪದದ ಕೆಳಗೆ ಮೊದಲಿಗೇ ಕೂತಿರುತ್ತದೆ. ಅಲ್ಲಿ ಹೆಸರು ಹಿಡಿದು ಹೇಳಿರುವ ಕಾಯಿಲೆಯಾದರೆ ಜೋಡಿಸಬೇಕು. 'ಇದಕ್ಕೂ ಅದಕ್ಕೂ ಸಂಬಂಧವಿಲ್ಲ' ಅಂತ ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರೆ, ಇಲ್ಲವೇ ಕೆಳಗೆ ಬರುವ ಸೆಪ್ಸಿಸ್ ತರಹ ಬೇರೆ ರೂಲ್ ಇದ್ದರೆ ಮಾತ್ರ ಬಿಡಬೇಕು.

ಅಮೆರಿಕದ ಚಾರ್ಟ್ ಬಿಟ್ಟು ನಮ್ಮವರನ್ನೇ ತಗೊಳ್ಳೋಣ. ಮಂಡ್ಯ ಕಡೆಯ ಕಬ್ಬು ಬೆಳೆಗಾರರೊಬ್ಬರು, ಶುಗರ್ ಇದೆ, ಬಿಪಿ ಇದೆ, ಸಿಕೆಡಿ ಸ್ಟೇಜ್ 4 ಇದೆ. ಕಿಡ್ನಿಯನ್ನು ಎರಡರ ಜೊತೆಗೂ ಕಟ್ಟಬೇಕು: ಇ11.22 (ಶುಗರ್ ಜೊತೆ ಕಿಡ್ನಿ), ಐ12.9 (ಬಿಪಿ ಜೊತೆ ಕಿಡ್ನಿ), ಎನ್18.4 (ಸಿಕೆಡಿ ಸ್ಟೇಜ್ 4). ಇವರಿಗೇ ಹಾರ್ಟ್ ಫೇಲ್ಯೂರ್ ಕೂಡ ಇದ್ದರೆ ಐ11 (ಬಿಪಿ ಜೊತೆ ಹಾರ್ಟ್) ಒಂದು, ಐ12 ಒಂದು ಅಂತ ಬೇರೆ ಬೇರೆ ಹಾಕುವುದಲ್ಲ, ಐ12.9 ತೆಗೆದು ಮೂರನ್ನೂ ಒಟ್ಟಿಗೆ ಹೇಳುವ ಐ13.0 ಹಾಕಿ, ಜೊತೆಗೆ ಹಾರ್ಟ್ ಫೇಲ್ಯೂರಿನ ಐ50 ಸೇರಿಸಿ. ಫೇಲ್ಯೂರ್ ಸಿಸ್ಟಾಲಿಕ್ಕಾ ಡಯಾಸ್ಟಾಲಿಕ್ಕಾ, ಅಕ್ಯೂಟಾ ಕ್ರಾನಿಕ್ಕಾ ಅಂತ ಇಲ್ಲದಿದ್ದರೆ ಐ50.9ಕ್ಕೇ ನಿಲ್ಲಬೇಕಾಗುತ್ತದೆ. ಸಿಡಿಐನವರು (ಚಾರ್ಟಿನ ಬರವಣಿಗೆ ಸರಿಯಿದೆಯಾ ಅಂತ ನೋಡುವವರು) ಡಾಕ್ಟರ ಬೆನ್ನು ಬೀಳುವುದು ಇಂಥದ್ದಕ್ಕೇ.

ಈ ರೂಲ್ ಸಿಕ್ಕಿದ ಖುಷಿಗೆ ಎಲ್ಲವನ್ನೂ ಜೋಡಿಸುತ್ತಾ ಹೋಗಬೇಡಿ. ಶುಗರ್ ಇರುವವರ ಪಾದದ ಹುಣ್ಣು 'ವಿತ್' ಕೆಳಗೆ ಹೆಸರಿನಿಂದಲೇ ಇದೆ, ಇ11.621 ಆಗುತ್ತದೆ. ಸೆಲ್ಯುಲೈಟಿಸ್ (ಚರ್ಮದ ಸೋಂಕು) ಹೆಸರು ಇಲ್ಲ. 'ಚರ್ಮದ ತೊಂದರೆ, ಎನ್‌ಇಸಿ' (ಬೇರೆಲ್ಲೂ ಹೆಸರಿಸದ್ದು) ಅಂತ ಇದೆಯಲ್ಲಾ ಅಂತ ಅದರೊಳಗೆ ತುರುಕುವ ಹಾಗಿಲ್ಲ, ಎನ್‌ಇಸಿ ಇದ್ದ ಕಡೆ ಡಾಕ್ಟರೇ ಸಂಬಂಧ ಹೇಳಬೇಕು.

'ಪ್ರಾಬಬಲ್' (ಬಹುಶಃ ಇರಬಹುದು) ಅಂತ ಡಾಕ್ಟರು ಬರೆಯುವುದರ ಬಗ್ಗೆ ಎರಡೇ ಮಾತು. ಅಡ್ಮಿಟ್ ಆದವರ ಡಿಸ್ಚಾರ್ಜ್ ಹೊತ್ತಿಗೂ 'ಪ್ರಾಬಬಲ್ ನ್ಯುಮೋನಿಯಾ' ಅಂತಲೇ ಉಳಿದಿದ್ದರೆ ಆ ಕಾಯಿಲೆ ಇದೆ ಅಂತಲೇ ಕೋಡ್ ಮಾಡಿ. ಓಪಿಡಿಯಲ್ಲಿ ಬೇಡ, ಜ್ವರ ಇದ್ದರೆ ಜ್ವರ ಅಷ್ಟೇ.

ಇನ್ನು ಸೆಪ್ಸಿಸ್, ಅಂದರೆ ಸೋಂಕಿಗೆ ಇಡೀ ದೇಹ ತೀವ್ರವಾಗಿ ಪ್ರತಿಕ್ರಿಯಿಸುವ ಸ್ಥಿತಿ. ಸೆಪ್ಸಿಸ್ ಒಂದು ಕಡೆ, ಅಕ್ಯೂಟ್ ಕಿಡ್ನಿ ಇಂಜುರಿ ಇನ್ನೊಂದು ಕಡೆ ಬರೆದಿದ್ದರೆ ಸುಮ್ನೆ ಆರ್65.20 (ಶಾಕ್ ಇಲ್ಲದ ಸಿವಿಯರ್ ಸೆಪ್ಸಿಸ್) ಹಾಕಬೇಡಿ. ಇಲ್ಲಿ ಪುಸ್ತಕ ನಮ್ಮ ಪರವಾಗಿ ಸಂಬಂಧ ಕಟ್ಟುವುದಿಲ್ಲ, ಡಾಕ್ಟರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಬೇಕು. 'ಸೆಪ್ಸಿಸ್‌ನಿಂದಲೇ ತಾನೇ ಸರ್?' ಅಂತ ಕೇಳಿದರೆ ಉತ್ತರ ನಾವೇ ಬಾಯಿಗಿಟ್ಟ ಹಾಗೆ. ಕ್ರಿಯಾಟಿನಿನ್ ಎಷ್ಟಿತ್ತು, ಎಷ್ಟಕ್ಕೆ ಏರಿತು ಅಂತ ಚಾರ್ಟಿನಿಂದಲೇ ಎತ್ತಿ ತೋರಿಸಿ, ಕಾರಣ ಸೆಪ್ಸಿಸ್, ಡಿಹೈಡ್ರೇಶನ್, ಬೇರೆ ಏನಾದರೂ, ಹೇಳಲಾಗದು ಅಂತ ಆಯ್ಕೆ ಕೊಡಿ. ಬಿಲ್ ಎಷ್ಟು ಏರುತ್ತದೆ ಅನ್ನುವ ಮಾತು ಅದರಲ್ಲಿ ಎಲ್ಲೂ ಬರಬಾರದು.